ಏನು ತಂದ್ರಿ?

ಊರಿಂದ ಬಂದವರನ್ನು "ಪ್ರಯಾಣ ಚೆನ್ನಾಗಾಯ್ತಾ?" ಎಂದು ಕೇಳುವುದು ಬರೀ ಶಿಷ್ಟಾಚಾರ. ಕೇಳುವವರ ಕಣ್ಣೆಲ್ಲ ಚೀಲದ ಮೇಲೆ. ನಮ್ಮ ಮನೆಯ ಮಕ್ಕಳಿಗೆ ಆ ಶಿಷ್ಟಾಚಾರವೂ ಇಲ್ಲ, ನಾವು ಚಪ್ಪಲಿ ಬಿಡುವುದರೊಳಗೆ ಜಿಪ್ಪು ಎಳೆದಿರುತ್ತಾರೆ. ಬಾದಾಮಿಯ ಗುಹೆ ಹತ್ತಿದೆ, ಐಹೊಳೆಯ ದುರ್ಗ ಗುಡಿ ಸುತ್ತಿದೆ ಎಂದು ವರ್ಣಿಸಲು ಹೊರಟರೆ ಅಮ್ಮ ನಡುವೆಯೇ ತಡೆಯುತ್ತಾಳೆ. ಐಹೊಳೆಗೆ ಹೋದವನಿಗೆ ಅಮೀನಗಡದಲ್ಲಿ ಇಳಿದು ಒಂದು ಡಬ್ಬಿ ಕರದಂಟು ತರಲು ಏನು ಧಾಡಿ ಎಂಬುದೇ ಅವಳ ಇತಿಹಾಸ ಪ್ರಜ್ಞೆ.

ಊರುಗಳು ತಿಂಡಿಗೆ ತಮ್ಮ ಹೆಸರಿಟ್ಟು ನಮ್ಮನ್ನು ಸಿಕ್ಕಿಹಾಕಿಸಿವೆ. ಧಾರವಾಡಕ್ಕೆ ಹೋಗಿ ಬೇಂದ್ರೆಯವರ ಸಾಧನಕೇರಿ ನೋಡದೆ ಬಂದರೆ ಮನೆಯಲ್ಲಿ ಕ್ಷಮೆಯುಂಟು, ಪೇಡೆ ತರದೆ ಬಂದವನಿಗಿಲ್ಲ. ತಮಾಷೆಯೆಂದರೆ ಆ ಪೇಡೆಯೂ ಪರವೂರಿನದೇ. ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಧಾರವಾಡಕ್ಕೆ ಬಂದ ಠಾಕೂರ್ ಮನೆತನ 19ನೆಯ ಶತಮಾನದಲ್ಲಿ ಅದನ್ನು ಇಲ್ಲಿ ಶುರುಮಾಡಿತು. ಜೀವ ಉಳಿಸಿಕೊಂಡು ಓಡಿ ಬಂದವರೇ ಬರಿಗೈಯಲ್ಲಿ ಬರಲಿಲ್ಲ. ಎರಡು ದಿನದ ಮದುವೆಗೆಂದು ಹೋದ ನಮಗೇನು ನೆಪ?

ಸಾಗಾಟದ ದೃಷ್ಟಿಯಿಂದ ನೋಡಿದರೆ ಪೇಡೆಯಷ್ಟು ಸಾಧುಪ್ರಾಣಿ ಇನ್ನೊಂದಿಲ್ಲ. ಹಾಲನ್ನು ಬತ್ತಿಸಿ ಖೋವಾ ಮಾಡಿ, ಸಕ್ಕರೆ ಸೇರಿಸಿ, ಕಂದುಬಣ್ಣ ಬರುವ ತನಕ ಹುರಿದು, ಮತ್ತೆ ಸಕ್ಕರೆ ಪುಡಿಯಲ್ಲಿ ಹೊರಳಿಸಿರುತ್ತಾರೆ. ಸೋರುವುದಿಲ್ಲ, ಒಡೆಯುವುದಿಲ್ಲ, ದೂರುವುದಿಲ್ಲ. ಬೆಳಗಾವಿ ಕುಂದಾ ಹಾಗಲ್ಲ. ಅದೂ ಖೋವಾ ಮನೆತನದ್ದೇ ಆದರೂ ಮೆತ್ತಗಿನ ಸ್ವಭಾವ; ಚೀಲದ ತಳಕ್ಕೆ ಹಾಕಿದಿರೋ, ಬೆಳಗಾಗುವುದರೊಳಗೆ ನಿಮ್ಮ ಬಿಳಿ ಅಂಗಿಯ ಮೇಲೆ ಜಿಡ್ಡಿನ ನಕ್ಷೆ. ಇನ್ನು ಕರದಂಟು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತುತ್ತೆ ಸೇರಿಸಿ ಮಾಡುವ ಅದು ಬಾಣಂತಿಯರಿಗೆ ಬಲ ಬರಲೆಂದು ಕೊಡುತ್ತಿದ್ದ ತಿನಿಸು. ರೈಲಿನ ಮೇಲಿನ ಬರ್ತಿನಿಂದ ಅದರ ಡಬ್ಬಿ ಬಿದ್ದರೆ ಕರದಂಟಿಗೆ ಏನೂ ಆಗುವುದಿಲ್ಲ, ಕೆಳಗಿದ್ದವರನ್ನು ವಿಚಾರಿಸಬೇಕು. ಗೋಕಾಕದ್ದು ಮೇಲೋ ಅಮೀನಗಡದ್ದು ಮೇಲೋ ಎಂಬ ವ್ಯಾಜ್ಯಕ್ಕೆ ನಾನು ಕೈ ಹಾಕುವುದಿಲ್ಲ. ಎರಡೂ ಕಡೆ ನೆಂಟರಿದ್ದಾರೆ.

ಆದರೆ ಮನುಷ್ಯನ ಸಂಯಮ ಪರೀಕ್ಷಿಸುವುದು ಮಲೆನಾಡಿನ ತೊಡೆದೇವು. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ತೆಳು ಅಕ್ಕಿಹಿಟ್ಟಿಗೆ ಬಟ್ಟೆ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದೇ ಎಳೆತದಲ್ಲಿ ಸವರಿ, ಗರಿಗಟ್ಟುವ ಮೊದಲೇ ಮಡಚಿ ತೆಗೆಯುತ್ತಾರೆ. ಗಟ್ಟಿಯಾಗಿ ಉಸಿರು ಬಿಟ್ಟರೂ ಮುರಿಯಬಹುದೆಂಬ ಭಯ ಹುಟ್ಟಿಸುವಷ್ಟು ತೆಳು. ಶಿರಸಿಯ ಚಿಕ್ಕಮ್ಮ ಅದರ ಡಬ್ಬಿಯನ್ನು ಕೈಗಿತ್ತು, "ಮೇಲಿಡಬೇಡ, ಕೆಳಗೂ ಇಡಬೇಡ" ಎಂದು ಹರಸಿ ಬಸ್ಸು ಹತ್ತಿಸಿದಳು. ಉಳಿದದ್ದು ತೊಡೆ. ರಾತ್ರಿಯಿಡೀ ಹಸುಗೂಸಿನಂತೆ ಅದನ್ನು ಮಡಿಲಲ್ಲಿ ಹಿಡಿದು ಕೂತೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದೆ. ಪಕ್ಕದವರು ಮೊದಲು ಮರುಕದಿಂದ, ಆಮೇಲೆ ಅನುಮಾನದಿಂದ ನೋಡಿ, ತುಮಕೂರಿನ ಹೊತ್ತಿಗೆ ಬೇರೆ ಸೀಟಿಗೆ ಹೋದರು. ಮನೆಯಲ್ಲಿ ಮುಚ್ಚಳ ತೆಗೆದರೆ ಮೇಲಿನ ನಾಲ್ಕು ಪದರ ಮುತ್ತೈದೆಯರಂತಿದ್ದವು, ಕೆಳಗಿನದೆಲ್ಲ ಪುಡಿ.

ಮದ್ದೂರು ವಡೆಯನ್ನು ಈ ಪಟ್ಟಿಯಿಂದ ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮನೆಯವರಿಗೆಂದು ರೈಲಿನಲ್ಲಿ ಕಟ್ಟಿಸಿದ ಪೊಟ್ಟಣದಿಂದ ಚನ್ನಪಟ್ಟಣದ ಹತ್ತಿರ ಈರುಳ್ಳಿಯ ಘಮ ಬರುತ್ತದೆ, ರಾಮನಗರದಲ್ಲಿ "ಒಂದೇ ಒಂದು" ಎನ್ನುತ್ತೇವೆ, ಕೆಂಗೇರಿಯಲ್ಲಿ ಎಣ್ಣೆ ಹೀರಿದ ಕಾಗದವಷ್ಟೇ ಉಳಿದಿರುತ್ತದೆ. ದಾವಣಗೆರೆಯವರು ಪುಣ್ಯವಂತರು. ಬೆಣ್ಣೆ ದೋಸೆಯನ್ನು ಯಾರೂ ಕಟ್ಟಿಕೊಂಡು ಬಾ ಎನ್ನುವುದಿಲ್ಲ. ಹುಬ್ಬಳ್ಳಿಯ ಗಿರಮಿಟ್ಟಿಗೂ ಅದೇ ರಿಯಾಯಿತಿ. ಕಲಸಿದ ಕೆಲ ನಿಮಿಷಕ್ಕೇ ಮೆತ್ತಗಾಗುವ ಚುರುಮುರಿಯನ್ನು ಹೊತ್ತು ಬೆಂಗಳೂರಿಗೆ ಬರುವವನಿಗೆ ಬುದ್ಧಿ ನೆಟ್ಟಗಿಲ್ಲವೆಂದೇ ಅರ್ಥ.

ತಂದ ಮೇಲೆ ಹಂಚಿಕೆಯ ಲೆಕ್ಕ ಬೇರೆ. ಅರ್ಧ ಕಿಲೊ ಪೇಡೆ. ಎದುರು ಮನೆ, ಮೇಲಿನ ಮನೆ, ಆಫೀಸು, ಹಾಲಿನವನು, ಮತ್ತು ಕಳೆದ ಸಲ ಚಿರೋಟಿ ಕೊಟ್ಟಿದ್ದರೆಂಬ ಕಾರಣಕ್ಕೆ ಮೂಲೆ ಮನೆಯವರು. ಎಲ್ಲರಿಗೂ ಹಂಚಿ, ಮನೆಯವರಿಗೆ ಉಳಿಯುವುದು ಸಕ್ಕರೆ ಪುಡಿ. ತಿರುಪತಿ ಲಡ್ಡುವಾದರೆ ಪರವಾಗಿಲ್ಲ, ಪ್ರಸಾದವಾದ್ದರಿಂದ ಕಡಲೆಕಾಳಿನಷ್ಟು ಕೊಟ್ಟರೂ ಯಾರೂ ಪ್ರಮಾಣದ ಮಾತೆತ್ತುವುದಿಲ್ಲ. ಪೇಡೆಯನ್ನು ಹಾಗೆ ಚಿವುಟಿ ಕೊಟ್ಟರೆ ನೆರೆಹೊರೆ ಕೆಡುತ್ತದೆ.

ಈಗ ಎಲ್ಲ ಊರಿನ ತಿಂಡಿಯೂ ಬೆಂಗಳೂರಿನಲ್ಲೇ ಸಿಗುತ್ತದಲ್ಲ, ಈ ಪಾಡೆಲ್ಲ ಯಾಕೆ ಎನ್ನುವವರಿದ್ದಾರೆ. ನಮ್ಮ ಭಾವನವರೂ ಆ ಪಕ್ಷದವರು. ಒಮ್ಮೆ ಧಾರವಾಡದ ಕೆಲಸ ಮುಗಿಸಿ ಬರಿಗೈಯಲ್ಲಿ ಬಂದವರು, ಬೆಳಗ್ಗೆ ಮನೆ ತಲುಪುವ ಮುಂಚೆ ಇಲ್ಲೇ ಒಂದು ಅಂಗಡಿಯಲ್ಲಿ ಪೇಡೆ ಕೊಂಡರು. ಅಮ್ಮ ಒಂದು ಬಾಯಿಗೆ ಹಾಕಿಕೊಂಡು, "ಭಾಳ ಚೆನ್ನಾಗಿದೆ" ಎಂದಳು. ಆಮೇಲೆ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ತಿರುಗಿಸಿ ತಳದ ಚೀಟಿ ಓದಿದಳು.

"ಅಳಿಯಂದಿರೇ, ಧಾರವಾಡ ಯಾವಾಗ ಮಲ್ಲೇಶ್ವರಕ್ಕೆ ಬಂತು?"

ಭಾವ ಸ್ನಾನಕ್ಕೆ ಎದ್ದರು. ಪೇಡೆ ಖಾಲಿಯಾಯಿತು, ಆದರೆ ಅದು ಊರಿಂದ ತಂದದ್ದು ಎಂಬ ಲೆಕ್ಕಕ್ಕೆ ಇವತ್ತಿಗೂ ಸೇರಿಲ್ಲ.

ಅಮ್ಮನ ತೀರ್ಪೇ ಸರಿ ಎನ್ನುತ್ತೇನೆ. ರುಚಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮನ್ನು ನೆನೆದು ಯಾರೋ ಧಾರವಾಡದ ಲೈನ್ ಬಜಾರಿನ ಬಿಸಿಲಲ್ಲಿ ಪಾಳಿ ಹಚ್ಚಿ ನಿಂತಿದ್ದರು ಎಂಬುದು ಸಿಗುವುದಿಲ್ಲ. ಅಮೆರಿಕದಿಂದ ಬರುವ ನಮ್ಮ ಹುಡುಗರ ಮೇಲೆ ನನಗಿರುವ ತಕರಾರೂ ಅದೇ. ಹೋಗುವಾಗ 23 ಕಿಲೊ ಮಿತಿಯ ಸೂಟ್‌ಕೇಸಿನಲ್ಲಿ ಬಟ್ಟೆ ತೆಗೆದು ಚಟ್ನಿಪುಡಿ, ಹುಳಿಪುಡಿ, ಹಲಸಿನ ಹಪ್ಪಳ ತುಂಬುತ್ತಾರೆ. ಬರುವಾಗ ತರುವುದು ಮಾತ್ರ ಸ್ವಿಟ್ಜರ್ಲೆಂಡಿನ ಚಾಕಲೇಟು. ಬಂದದ್ದು ಟೆಕ್ಸಸ್ಸಿನಿಂದ, ಕೊಂಡದ್ದು ದುಬೈ ವಿಮಾನ ನಿಲ್ದಾಣದಲ್ಲಿ. ಟೆಕ್ಸಸ್ಸಿನಲ್ಲಿ ತಿನ್ನುವಂಥದ್ದು ಏನೂ ಬೆಳೆಯುವುದಿಲ್ಲವೇ?

ಶಿರಸಿ ಕಡೆಗೆ ಹೊರಟವರಲ್ಲಿ ನನ್ನದೊಂದು ವಿನಂತಿ. ತೊಡೆದೇವು ದಾರಿಯಲ್ಲಿ ಪುಡಿಯಾಯಿತೆಂದು ನಾಚಿಕೊಂಡು ಎಸೆಯಬೇಡಿ. ಬಿಸಿ ಹಾಲು, ಒಂದು ಚಮಚ ತುಪ್ಪ ಹಾಕಿದರೆ ಪುಡಿಯೂ ಇಡಿಯಷ್ಟೇ ರುಚಿ. ಡಬ್ಬಿ ನಮ್ಮ ಮನೆಗೆ ತನ್ನಿ, ಹಾಲು ತುಪ್ಪ ನಮ್ಮದು.