ಪರದೆಗೂ ಕುಂಕುಮ

ಹೊಸ ಕಾರಿನ ಪೂಜೆಯಲ್ಲಿ ಸ್ಟೇರಿಂಗಿಗೆ, ಬಾನೆಟ್ಟಿಗೆ ಕುಂಕುಮ ಇಡೋದು ನೋಡಿದ್ದೆ. ನಿಮ್ಮ ಮನೆಯವರು ಡ್ಯಾಶ್‌ಬೋರ್ಡಿನ ಪರದೆಯ ಅಂಚಿಗೂ ಒಂದು ಬೊಟ್ಟು ಇಟ್ಟಿದ್ದಾರಲ್ಲ ರಾಯರೇ, ಸರಿಯಾಗೇ ಮಾಡಿದ್ದಾರೆ. ಈಗ ಕಾರಿನ ಯಜಮಾನಿಕೆಯೆಲ್ಲ ಅದರದ್ದೇ ಅಲ್ವಾ? ಫೋನು ಜೋಡಿಸಿದರೆ ಸಾಕು, ಮ್ಯಾಪು, ಹಾಡು, ಬೀಗರ ಫೋನು, ಎಲ್ಲ ಅಲ್ಲೇ.

ಅದರಲ್ಲಿ ಮ್ಯಾಪು ಮಾತ್ರ ನನಗೆ ಬಲು ಇಷ್ಟ. ಹೆಬ್ಬಾಳದಲ್ಲಿ ಫ್ಲೈಓವರ್ ಹತ್ತಬೇಕೋ, ಪಕ್ಕದಲ್ಲಿ ಇಳೀಬೇಕೋ ಅನ್ನೋದು ತಪ್ಪಿತೋ, ವಿಮಾನ ನಿಲ್ದಾಣದ ಕಡೆ ಹೊರಟುಬಿಟ್ಟಿರ್ತೀವಿ! ಗೂಗಲ್ ಮ್ಯಾಪು 2024ರಿಂದ ನಮ್ಮ ದೇಶದಲ್ಲಿ ಫ್ಲೈಓವರ್ ಬಂತು ಅಂತ ಮುಂಚೆಯೇ ಹೇಳತೊಡಗಿದೆ. ದೊಡ್ಡ ಉಪಕಾರ.

ನಮ್ಮಪ್ಪನ ಫಿಯಟ್ಟಿನ ಕಾಲದಲ್ಲಿ ಚಹಾದಂಗಡಿಯವರೇ ಮ್ಯಾಪು. "ಹಿಂಗೇ ಸೀದಾ ಹೋಗಿ, ಅರಳಿಮರ ಸಿಗುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ." ಅರಳಿಮರದ ಹತ್ರ ಕೇಳಿದರೆ ಅವರೂ ಮುಂದೆ ಯಾರನ್ನಾದ್ರೂ ಕೇಳಿ ಅನ್ನೋರು. ಹಂಗೇ ಊರು ಮುಟ್ಟುತ್ತಿದ್ದೆವು. ಆ ಕಾರಲ್ಲಿ ಎರಡು ತಿರುಪಿನ ರೇಡಿಯೋ ಇತ್ತು, ನೆನಪಿದೆಯಾ? ಒಂದು ಸದ್ದಿಗೆ, ಇನ್ನೊಂದು ಸ್ಟೇಷನ್ನಿಗೆ. ಅಪ್ಪನ ಎಡಗೈ ತಾನಾಗಿ ಹೋಗಿ ವಿವಿಧ ಭಾರತಿ ಹುಡುಕಿಕೊಳ್ಳುತ್ತಿತ್ತು, ಕಣ್ಣು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ.

ಗಾಜಿನ ಪರದೆಯಲ್ಲಿ ಬೆರಳಿಗೆ ಸಿಗೋದೇನಿದೆ ಹೇಳಿ? ಎಲ್ಲ ಕಡೆಯೂ ಒಂದೇ ನುಣುಪು. ನೋಡದೆ ಒತ್ತೋಕೆ ಆಗಲ್ಲ. ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗ್ತಾ ರೇಡಿಯೋ ಸ್ಟೇಷನ್ ಹಾಕೋದು, ಬಿಸಿಗಾಳಿ ಹೆಚ್ಚಿಸೋದು, ಇಂಥ ನಾಲ್ಕು ಕೆಲಸ. 2005ರ ಹಳೇ ವೋಲ್ವೋದಲ್ಲಿ ಗುಂಡಿ ಒತ್ತಿ ಹತ್ತು ಸೆಕೆಂಡಲ್ಲಿ ಮುಗೀತು. ಪರದೆಯ ಹೊಸ ಕಾರೊಂದಕ್ಕೆ ಸುಮಾರು 45 ಸೆಕೆಂಡು ಬೇಕಾಯ್ತು, ಅಷ್ಟರಲ್ಲಿ ಕಾರು 1,300 ಮೀಟರು ದಾಟಿತ್ತು. ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹೋಗಿಬರಬಹುದು, ಯೋಚಿಸಿ!

ಬ್ರಿಟನ್ನಿನಲ್ಲಿ 2020ರಲ್ಲಿ, ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೋ, ಆ್ಯಪಲ್ ಕಾರ್‌ಪ್ಲೇ ಎರಡನ್ನೂ ಒರೆಗೆ ಹಚ್ಚಿದರು. ಪರದೆ ಮುಟ್ಟಿ ಕೆಲಸ ಮಾಡುವಾಗ ಚಾಲಕರು ಪ್ರತಿಕ್ರಿಯಿಸೋಕೆ ಮಾಮೂಲಿನ ಒಂದೂವರೆ ಪಟ್ಟಿಗೂ ಹೆಚ್ಚು ಸಮಯ ತೆಗೆದುಕೊಂಡರಂತೆ. ಅಲ್ಲಿನ ಕಾನೂನು ಬಿಡುವಷ್ಟು ಕುಡಿದವರೂ ಅಷ್ಟು ತಡ ಮಾಡಲ್ಲ! ಬಾಯಲ್ಲಿ ಹೇಳಿ ಮಾಡಿಸಿದರೆ ಸ್ವಲ್ಪ ವಾಸಿ, ಆದರೂ ತಡ ತಡವೇ. ಅದಕ್ಕೇ ಇರಬೇಕು, ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಾರ್ನು, ವೈಪರು ಮೊದಲಾದವಕ್ಕೆ ಕೈಗೆ ಸಿಗುವ ಗುಂಡಿ, ಕಡ್ಡಿ ಇಲ್ಲದಿದ್ದರೆ ಪೂರ್ತಿ ಅಂಕ ಕೊಡಲ್ಲ ಅಂತಿದ್ದಾರೆ. ನನಗಂತೂ ಬಹಳ ಸಮಾಧಾನವಾಯ್ತು.

ಮೊದಲ ಪಯಣ ಧರ್ಮಸ್ಥಳಕ್ಕೇ ತಾನೇ? ಶಿರಾಡಿ ಘಾಟಿಯಲ್ಲಿ ಮಳೆ ಹಿಡಿದರೆ ಮುಂದಿನ ಗಾಜು ಒಳಗಿಂದ ಮಬ್ಬಾಗುತ್ತೆ, ಎದುರಿಗೆ ತಿರುವಿನಲ್ಲಿ ಟ್ಯಾಂಕರು ಬರುತ್ತೆ. ಆ ಮಬ್ಬು ತೆಗೆಯುವ ಗಾಳಿ ಬಿಡೋದು ನಿಮ್ಮ ಕಾರಲ್ಲಿ ಗುಂಡಿಯೋ, ಪರದೆಯೊಳಗೋ? ಒಳಗಿದ್ದರೆ ಇಲ್ಲೇ, ನಿಂತ ಕಾರಲ್ಲಿ ಮಗನ ಕೈಲಿ ಎರಡು ಸಲ ಹುಡುಕಿಸಿ. ಮ್ಯಾಪಿಗೂ ಗೇಟಿನೊಳಗೇ ಊರು ಹೇಳಿಬಿಡಲಿ. ಹಾಡು ಬದಲಿಸೋ ಕೆಲಸ ಪಕ್ಕದಲ್ಲಿ ಕೂರುವ ಸೊಸೆಗೆ ಬಿಡಿ, ಅವಳಿಗೆ ನಿಮ್ಮ ಇಷ್ಟವೂ ಗೊತ್ತಲ್ವಾ? ವಾಟ್ಸಾಪ್ ನೋಡೋಕೆ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸೇ ನಿಲ್ಲಿಸ್ತೀರಿ. ಅಂದ ಹಾಗೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀರಿ? ದಾರಿಗೆ ಒಂದಿಷ್ಟು ಚಕ್ಕುಲಿ ಕಟ್ಟಿಸಿ ಇಟ್ಟಿರ್ತೀನಿ.