ಗೋಡೆಗೊಂದು ಉಡಿದಾರ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಭೂಕಂಪ ಆಗುವುದಿಲ್ಲ. ಆಗುವ ಹಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಅದಕ್ಕೂ ಟೆಂಡರ್ ಕರೆದಿರುತ್ತಿದ್ದರು. ನಮಗೆ ಗೊತ್ತಿರುವ ನಡುಕ ಎರಡೇ: ಬೀರೂರು ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಹಾಯುವಾಗಿನದು, ಕೊಬ್ಬರಿ ರೇಟು ಬಿದ್ದಾಗಿನದು.

ನಕ್ಷೆಯೂ ನಮ್ಮ ಪರ. 2002ರ ಭೂಕಂಪ ನಕ್ಷೆಯಲ್ಲಿ ವಲಯಗಳು ಎರಡರಿಂದ ಐದು. ನಾವು ಎರಡನೆಯದರಲ್ಲಿ ಹಾಯಾಗಿದ್ದೇವೆ. ಒಂದನೆಯದು ಎಲ್ಲಿ ಹೋಯಿತು ಎನ್ನುತ್ತೀರಾ? ಲಾತೂರಿನ ಕಿಲ್ಲಾರಿ ಅದರಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಮಲಗಿದ್ದ ಜನರ ಮೇಲೆ ಮಣ್ಣುಗಾರೆಯ ದಪ್ಪ ಕಲ್ಲುಗೋಡೆಗಳು ಕುಸಿದು ಸುಮಾರು ಹತ್ತು ಸಾವಿರ ಮಂದಿ ಸತ್ತರು. ಆಮೇಲೆ 2002ರಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದರು. ಆ ದುರಂತದಲ್ಲಿ ಕೆಲಸ ಕಳೆದುಕೊಂಡದ್ದು ಪ್ರಾಯಶಃ ಅದೊಂದೇ.

ಕೂಸಿಗೆ ಉಡಿದಾರ ಕಟ್ಟದೆ ತೊಟ್ಟಿಲಿಗೆ ಹಾಕದ ಜನ ನಾವು. ಗೋಡೆಗೂ ಅಂಥದ್ದೊಂದು ಬೇಕು. ಬಾಗಿಲು ಕಿಟಕಿಗಳ ನೆತ್ತಿಯ ಮೇಲೆ, ಎಲ್ಲೂ ಕಡಿಯದೆ ಕಟ್ಟಡವನ್ನು ಸುತ್ತಿ ಬರುವ ಕಾಂಕ್ರೀಟ್ ಪಟ್ಟಿ, ಒಳಗೆ ಕಬ್ಬಿಣ. ಮೂಲೆಗಳಲ್ಲಿ ನೆಟ್ಟಗೆ ನಿಂತ ಸರಳು. ನೆಲ ಅಲುಗಿದಾಗ ನಾಲ್ಕು ಗೋಡೆಗಳು ಪಾಲಾದ ಅಣ್ಣತಮ್ಮಂದಿರ ಹಾಗೆ ನಾಲ್ಕು ದಿಕ್ಕಿಗೆ ಹೋಗದಂತೆ ಅದು ಹಿಡಿಯುತ್ತದೆ. ಹಳೇ ಕಟ್ಟಡವಾದರೆ ಪ್ಲಾಸ್ಟರ್ ಕೆರೆದು, ತಂತಿ ಜಾಲರಿ ಬಿಗಿದು, ಮೇಲೆ ಸಿಮೆಂಟ್ ಮೆತ್ತುವುದು. ಎಂಜಿನಿಯರುಗಳ ಪುಸ್ತಕದಲ್ಲೇ ಇದರ ಹೆಸರು ಬ್ಯಾಂಡೇಜ್.

ಇದರ ದೋಷ ಒಂದೇ, ಆದರೆ ಮಹಾದೋಷ. ಕೆಲಸ ಮುಗಿದ ಮೇಲೆ ಕಾಣುವುದಿಲ್ಲ. ಪ್ಲಾಸ್ಟರಿನೊಳಗೆ ಹೋದ ಕಬ್ಬಿಣದ ಮುಂದೆ ನಿಂತು ಟೇಪು ಕತ್ತರಿಸುವುದು ಹೇಗೆ? ಯಾರ ಅನುದಾನದಲ್ಲಿ ಎಂದು ಬರೆಸುವುದೆಲ್ಲಿ? ಅದಕ್ಕೇ ಸ್ವಾಗತ ಕಮಾನು ಮೊದಲು ಏಳುತ್ತದೆ. ಕಮಾನಿನ ಮೈಯಲ್ಲಿ ಎಷ್ಟು ಹೆಸರು ಬೇಕಾದರೂ ಹಿಡಿಸುತ್ತದೆ.

2022ರ ಜೂನ್, ಜುಲೈನಲ್ಲಿ ಸುಳ್ಯ, ಸಂಪಾಜೆ ಕಡೆ ನೆಲ ಮತ್ತೆ ಮತ್ತೆ ನಡುಗಿತು. ಅದೇ ವರ್ಷ ನವೆಂಬರಿನಲ್ಲಿ ಇಡೀ ರಾಜ್ಯ ಶಾಲಾ ಕೊಠಡಿಗಳ ಬಗ್ಗೆ ಚರ್ಚೆಗೆ ಕೂತಿತು. ಚರ್ಚೆ ಬಣ್ಣದ್ದು: ಸರ್ಕಾರದ 'ವಿವೇಕ' ಯೋಜನೆಯ ಹೊಸ ಕೊಠಡಿಗಳಿಗೆ ಕೇಸರಿ ಬಳಿಯಬೇಕೇ, ಬೇಡವೇ. ಬಣ್ಣದ ಹಿಂದಿನ ಗೋಡೆಗೆ ಮಾತಾಡುವ ಸರದಿ ಬರಲೇ ಇಲ್ಲ.

ದುಡ್ಡಿಲ್ಲ ಎಂದರೆ ಸುಳ್ಳಾಗುತ್ತದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗಳಿಗೆಂದು 1,60,153 ಕೋಟಿ ರೂಪಾಯಿ ಲೆಕ್ಕ ಹಾಕಿ, ಅದರಲ್ಲಿ ಶೇ 20ನ್ನು ಅನಾಹುತ ಬರುವ ಮುಂಚೆಯೇ, ಅದನ್ನು ತಗ್ಗಿಸುವುದಕ್ಕೆ ಎತ್ತಿಟ್ಟಿತು. ಅನಾಹುತಕ್ಕೆ ಮುಂಚೆ ಖರ್ಚು! ನಮ್ಮ ಕಡೆ ಮದುವೆಗೆ ಮುಂಚೆ ಸೀಮಂತ ಮಾಡಿದಷ್ಟು ಮುಜುಗರದ ಮಾತು.

ಈಚೆ ಮೂವತ್ತು ಮಕ್ಕಳೊಳಗಿನ ಪುಟ್ಟ ಶಾಲೆಗೆ ಸಮಗ್ರ ಶಿಕ್ಷಣದ ಅನುದಾನ ವರ್ಷಕ್ಕೆ 10,000. ಸುಣ್ಣ, ಚಾಕ್‌ಪೀಸು, ಮುರಿದ ನಲ್ಲಿ, ಎಲ್ಲ ಅದರಲ್ಲೇ. ವಿಪತ್ತಿನಲ್ಲಿ ಒಬ್ಬರು ಸತ್ತರೆ ವಿಪತ್ತು ನಿಧಿಯ ಪರಿಹಾರ 4 ಲಕ್ಷ. ಮೇಷ್ಟ್ರು ನಲವತ್ತು ವರ್ಷ ಒಂದು ಚಾಕ್‌ಪೀಸೂ ಕೊಳ್ಳದೆ ಕೂಡಿಟ್ಟರೆ ಒಂದು ಮಗುವಿಗೆ ಸರಿಹೋಗುತ್ತದೆ.

ಅಜ್ಜಂಪುರದವರಿಗೆ ಒಂದು ಅನುಕೂಲವಿದೆ. ಭೂಕಂಪ ದನಗಳಿಗೆ ಮೊದಲೇ ತಿಳಿಯುತ್ತದಂತೆ. ಊರಿನಲ್ಲಿ ಅಮೃತಮಹಲ್ ತಳಿ ಕೇಂದ್ರವೇ ಇದೆ. ದನ ಹಗ್ಗ ಕಿತ್ತೊಡನೆ ಶಾಲೆಯಲ್ಲಿ ಗಂಟೆ ಬಾರಿಸಿದರಾಯಿತು. ಅಮೃತಮಹಲ್ ದನದ ಸಿಟ್ಟು ಬಲ್ಲವರು ಹೇಳುವಂತೆ, ಹಾಗೆ ಮಾಡಿದರೆ ವರ್ಷವಿಡೀ ರಜೆ.

ನಮ್ಮ ಕಡೆಯ ಒಬ್ಬ ಮೇಷ್ಟ್ರು ಗೋಡೆ ಬಿರುಕು ಬಿಟ್ಟಿದೆ, ಭದ್ರಪಡಿಸಿ ಎಂದು ಅರ್ಜಿ ಹಾಕಿದರು. "ಬಿರುಕು ಮಳೆಯದೋ ಭೂಕಂಪದ್ದೋ, ಸ್ಪಷ್ಟಪಡಿಸಿ" ಎಂದು ಉತ್ತರ ಬಂತು. ಮಳೆಯದಾದರೆ ಸುಣ್ಣಬಣ್ಣದ ದುರಸ್ತಿ ಲೆಕ್ಕ. ಭೂಕಂಪದ್ದಾದರೆ ಮೊದಲು ಭೂಕಂಪ ಆಗಿರಬೇಕು. ಮೇಷ್ಟ್ರು ಮಕ್ಕಳನ್ನು ಹೊಂಗೆ ಮರದ ಕೆಳಗೆ ಕೂರಿಸಿದರು.

ತಪಾಸಣೆಗೆ ಬಂದವರು ಕೊಠಡಿಯೊಳಗೆ ಇಣುಕಿ, "ಏನ್ ಮೇಷ್ಟ್ರೇ, ರೂಮು ಖಾಲಿ ಇದೆಯಲ್ರೀ?" ಎಂದರು.

"ಹೌದು ಸಾರ್, ಅದಕ್ಕೇ ಇನ್ನೂ ಯಾರಿಗೂ ಏನೂ ಆಗಿಲ್ಲ."

ಕೊಠಡಿ ಬಳಕೆಯಲ್ಲಿಲ್ಲ, ದುರಸ್ತಿ ಅನಗತ್ಯ ಎಂದು ವರದಿ ಹೋಯಿತು. ಮರದ ಸುತ್ತ ಕಟ್ಟೆ ಮಂಜೂರಾಗಿದೆ. ಗುದ್ದಲಿ ಪೂಜೆಗೆ ಶಾಮಿಯಾನ ಹಾಕಿದ್ದು ಆ ಬಿರುಕು ಗೋಡೆಗೆ ಹಗ್ಗ ಬಿಗಿದು.