ಕಾಂಪೌಂಡಿನಾಚೆಯ ಕುಜ

“ಏಳನೇ ಮನೇಲಿ ಕುಜ ಕೂತವ್ನಂತೆ ಕಣಪ್ಪ. ಹುಡುಗನ ಕಡೆಯೋರು ಜಾತಕ ವಾಪಸ್ ಕಳಿಸಿದ್ರು.”

ಪಕ್ಕದ ಮನೆಯ ಅಕ್ಕ ಹೀಗೆಂದಾಗ ಅವರ ಕೈಯಲ್ಲಿ ನುಗ್ಗೆಸೊಪ್ಪು, ನನ್ನ ಕೈಯಲ್ಲಿ ಗಿಡಕ್ಕೆ ನೀರು ಬಿಡುವ ಪೈಪು. ನಮ್ಮ ಸೋಲದೇವನಹಳ್ಳಿಯಲ್ಲಿ ಎರಡು ಸೈಟುಗಳ ನಡುವೆ ಎದೆಮಟ್ಟದ ಗೋಡೆಯೊಂದಿದ್ದರೆ ಮಾತಿಗೆ ಅಷ್ಟೇ ಸಾಕು. ಹಾಲಿನ ದರ, ಕಸದ ಗಾಡಿ, ಬೋರ್‌ವೆಲ್ ನೀರು ಎಲ್ಲ ಆ ಗೋಡೆಯ ಮೇಲೆಯೇ ತೀರ್ಮಾನವಾಗುತ್ತವೆ. ಅವತ್ತಿನ ಮಾತು ಬೇರೆ. ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಹೋಗುತ್ತಿರುವ ಮಗಳು. ಹುಡುಗ ಹುಡುಗಿ ಮಾತಾಡಿಕೊಂಡಿದ್ದಾರೆ, ಎರಡೂ ಮನೆಗೆ ಒಪ್ಪಿಗೆ. ನಡುವೆ ಬಂದವನು ಕುಜ.

ನನಗೆ ಆ ಮಂಗಳ ಗ್ರಹದ ಮೇಲೆ ಚಿಕ್ಕಂದಿನಿಂದ ಪ್ರೀತಿ. ಅದರ ಹೆಸರು ಹೇಳಿ ಯಾರಾದರೂ ಹುಡುಗಿಯೊಬ್ಬಳನ್ನು ಬೇಡವೆಂದರೆ ಸುಮ್ಮನಿರಲಾಗುವುದಿಲ್ಲ. ನಲ್ಲಿ ನಿಲ್ಲಿಸಿ ಗೋಡೆಯ ಹತ್ತಿರ ಬಂದೆ.

“ಅಕ್ಕ, ಒಂದು ಲೆಕ್ಕ ಹಾಕೋಣ. ಕುಜ ಒಂದು ರಾಶಿಯಲ್ಲಿ ಸಾಮಾನ್ಯವಾಗಿ ಒಂದೂವರೆ ತಿಂಗಳು ಇರ್ತಾನೆ. ಲಗ್ನ ಹೆಚ್ಚುಕಡಿಮೆ ಎರಡು ಗಂಟೆಗೊಂದು ಬದಲಾಗುತ್ತೆ. ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡರಲ್ಲಿ ಕುಜ ಇದ್ರೆ ದೋಷ ಅಂತಾರೆ. ಹನ್ನೆರಡು ಮನೆಯಲ್ಲಿ ಐದು ಮನೆ! ಅಂದ್ರೆ ದಿನದ 24 ಗಂಟೆಯಲ್ಲಿ ಸುಮಾರು 10 ಗಂಟೆ ಹೊತ್ತು ಹುಟ್ಟಿದ ಮಕ್ಕಳಿಗೆಲ್ಲ ದೋಷ. ಇವತ್ತು ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟೋ ಕೂಸುಗಳಲ್ಲಿ ಹತ್ತಕ್ಕೆ ನಾಲ್ಕು ಕೂಸಿಗೆ ಈಗಿಂದಲೇ ಮದುವೆ ಕಷ್ಟ ಅಂತ ಬರೆದಿಡೋಣವಾ?”

“ಚಂದ್ರನಿಂದಲೂ ನೋಡ್ತಾರೆ, ಶುಕ್ರನಿಂದಲೂ ನೋಡ್ತಾರೆ,” ಎಂದರು ಅಕ್ಕ.

“ಹಾಗೆ ನೋಡಿದ್ರೆ ತಪ್ಪಿಸಿಕೊಳ್ಳೋರೇ ಕಡಿಮೆ. ನನಗೂ ಇರುತ್ತೆ, ನಿಮಗೂ ಇರುತ್ತೆ.”

ಅಕ್ಕನಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಮೇಷ, ವೃಶ್ಚಿಕ ಕುಜನ ಸ್ವಂತ ಮನೆ, ಮಕರ ಉಚ್ಚಸ್ಥಾನ, ಅಲ್ಲಿದ್ದರೆ ದೋಷವಿಲ್ಲ, ಗಂಡುಹೆಣ್ಣು ಇಬ್ಬರಿಗೂ ಇದ್ದರೆ ಒಂದಕ್ಕೊಂದು ಸರಿಹೋಗುತ್ತದೆ ಎಂದೆಲ್ಲ ಹೇಳಿದರು. “ಹುಡುಗನಿಗೆ ಇಲ್ಲ, ಇವಳಿಗೆ ಐತೆ, ಅದೇ ತೊಡಕು. ವಕ್ರ ಬೇರೆ ಆಗವ್ನಂತೆ.”

ಪಂಚಾಂಗ ಬರೆಯುವವರ ಗಣಿತದ ಬಗ್ಗೆ ನನಗೆ ತುಂಬ ಗೌರವ. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ, ಕುಜ ಯಾವತ್ತು ಎಲ್ಲಿರುತ್ತಾನೆ, ಯಾವಾಗ ಹಿಂದಕ್ಕೆ ತಿರುಗಿದಂತೆ ಕಾಣುತ್ತಾನೆ ಎಂದು ಲೆಕ್ಕ ಕಟ್ಟಿದ್ದು ಸಣ್ಣ ಕೆಲಸವಲ್ಲ. ಆದರೆ ಹಿಂದಕ್ಕೆ ಹೋಗುವುದು ಕುಜನ ಮುನಿಸಲ್ಲ. ಸೂರ್ಯನ ಸುತ್ತ ನಮ್ಮದು ಒಳಗಿನ ದಾರಿ, 365 ದಿನಕ್ಕೆ ಒಂದು ಸುತ್ತು. ಅವನದು ಹೊರಗಿನ ದಾರಿ, 687 ದಿನ ಬೇಕು. ಸುಮಾರು 26 ತಿಂಗಳಿಗೊಮ್ಮೆ ಭೂಮಿ ಅವನನ್ನು ದಾಟಿ ಮುಂದೆ ಹೋಗುತ್ತದೆ. ತುಮಕೂರು ರಸ್ತೆಯಲ್ಲಿ ನಮ್ಮ ಬಸ್ಸು ಪಕ್ಕದ ಲಾರಿಯನ್ನು ಹಿಂದೆ ಹಾಕುವಾಗ ಲಾರಿಯೇ ಹಿಂದಕ್ಕೆ ಸರಿದಂತೆ ಕಾಣುತ್ತದಲ್ಲ, ಅದೇ ವಕ್ರಗತಿ. ಲಾರಿಯವನು ಮುಂದಕ್ಕೇ ಹೋಗುತ್ತಿರುತ್ತಾನೆ.

“ಅಷ್ಟೇನಾ?” ಎಂದರು.

“ಅಷ್ಟೇ ಅಕ್ಕ.”

ನುಗ್ಗೆಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ. ಆದರೆ ಅವರು ಒಳಗೆ ಹೋಗಲೂ ಇಲ್ಲ. ಹಾಗಾಗಿ ನಾನು ಮುಂದುವರಿಸಿದೆ.

ಅಂಗಾರಕ ಎಂದು ಕೆಂಡದ ಹೆಸರಿಟ್ಟಿರುವುದರಿಂದ ಎಲ್ಲರೂ ಅವನನ್ನು ಬೆಂಕಿ ಎಂದೇ ತಿಳಿದಿದ್ದಾರೆ. ಕೆಂಪಗೆ ಕಾಣುವುದನ್ನು ನೋಡಿ ರೋಮಿನವರು ಯುದ್ಧದ ದೇವರೆಂದರು, ನಾವು ಉಗ್ರ ಎಂದೆವು. ಅಲ್ಲಿರುವುದು ಚಳಿ. ಸರಾಸರಿ ತೆಗೆದರೆ ಸೊನ್ನೆಗಿಂತ 60 ಡಿಗ್ರಿ ಕೆಳಗೆ. ಸಮಭಾಜಕದ ಹತ್ತಿರ ಬೇಸಿಗೆಯ ಮಧ್ಯಾಹ್ನ ನಮ್ಮ ಡಿಸೆಂಬರಿನ ಹಾಗೆ 20 ಡಿಗ್ರಿ ಮುಟ್ಟಬಹುದು, ಅದೇ ರಾತ್ರಿ ಎಲ್ಲ ಹೆಪ್ಪುಗಟ್ಟುತ್ತದೆ. ಗಾಳಿ ತೀರಾ ತೆಳು, ನಮ್ಮಲ್ಲಿರುವ ಒತ್ತಡದ ನೂರರಲ್ಲೊಂದು ಪಾಲೂ ಇಲ್ಲ, ಅದರಲ್ಲೂ ನೂರಕ್ಕೆ 95 ಭಾಗ ಇಂಗಾಲದ ಡೈಆಕ್ಸೈಡ್. ಶಾಖವನ್ನು ಹಿಡಿದಿಡಲು ಹೊದಿಕೆಯೇ ಇಲ್ಲ.

ಮತ್ತೆ ಕೆಂಪು ಎಲ್ಲಿಂದ ಬಂತು? ಅಕ್ಕನ ಕರಿಬೇವಿನ ಗಿಡದ ಬುಡ ತೋರಿಸಿದೆ. ಸೋಲದೇವನಹಳ್ಳಿಯಿಂದ ಹೆಸರಘಟ್ಟದವರೆಗೆ ಎಲ್ಲಿ ಪಾಯ ತೆಗೆದರೂ ಬರುವುದು ಇದೇ ಕೆಮ್ಮಣ್ಣು. ಕಲ್ಲಿನೊಳಗಿನ ಕಬ್ಬಿಣ ಸಾವಿರಾರು ವರ್ಷ ಗಾಳಿ ನೀರಿಗೆ ಸಿಕ್ಕಿ ತುಕ್ಕಾಗಿದೆ, ಆ ತುಕ್ಕಿನ ಬಣ್ಣವೇ ಮಣ್ಣಿಗೆ. ಮಂಗಳದ ಮೇಲಿರುವ ಧೂಳಿಗೂ ಬಣ್ಣ ಕೊಟ್ಟಿರುವುದು ಕಬ್ಬಿಣದ ತುಕ್ಕೇ. ಪೀಣ್ಯದಲ್ಲಿ ಲೇತ್ ಮಿಷನ್ನಿನ ಮುಂದೆ ನಿಂತು ಬದುಕು ಕಟ್ಟಿಕೊಂಡ ನನಗೆ ತುಕ್ಕಿನ ಪರಿಚಯ ಚೆನ್ನಾಗಿದೆ. ಅದರಲ್ಲಿ ಹೆದರುವಂಥದ್ದೇನೂ ನನಗೆ ಕಂಡಿಲ್ಲ.

“ಭೂಮಿಪುತ್ರ ಅಂತಾರಲ್ಲ ಅವನನ್ನ,” ಎಂದರು ಅಕ್ಕ, ಮಣ್ಣಿನ ಕಡೆಯೇ ನೋಡುತ್ತ.

ಚಿಕ್ಕವನೇ ಸರಿ. ಅಡ್ಡಳತೆ ಸುಮಾರು 6,780 ಕಿಲೋಮೀಟರ್, ಭೂಮಿಯ ಅರ್ಧಕ್ಕಿಂತ ತುಸು ಹೆಚ್ಚು. ಇಲ್ಲಿ 50 ಕೆಜಿ ತೂಗುವ ಅಕ್ಕಿಮೂಟೆ ಅಲ್ಲಿ 19 ಕೆಜಿ ತೂಗುತ್ತದೆ. ಹಗಲು ರಾತ್ರಿ ಸೇರಿದ ಒಂದು ದಿನ 24 ಗಂಟೆ 40 ನಿಮಿಷದಷ್ಟು, ಹೆಚ್ಚುಕಡಿಮೆ ನಮ್ಮದೇ. ವಾಲಿ ನಿಂತಿರುವುದೂ ನಮ್ಮ ಭೂಮಿಯ ಹಾಗೆಯೇ, ಸುಮಾರು 25 ಡಿಗ್ರಿ, ಆದ್ದರಿಂದ ಅಲ್ಲೂ ಋತುಗಳಿವೆ. ಎರಡು ಪುಟ್ಟ ಚಂದ್ರರಿದ್ದಾರೆ, ಫೋಬೋಸ್ ಮತ್ತು ಡೀಮೋಸ್. ಫೋಬೋಸ್ ಎಂಟು ಗಂಟೆಯೊಳಗೆ ಒಂದು ಸುತ್ತು ಮುಗಿಸಿ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ಒಲಿಂಪಸ್ ಮಾನ್ಸ್ ಎಂಬ ಜ್ವಾಲಾಮುಖಿ ಪರ್ವತ ಸುಮಾರು 22 ಕಿಲೋಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿ 2 ಕಿಲೋಮೀಟರ್ ಕೂಡ ಇಲ್ಲ.

ಇಲ್ಲಿ ನಮ್ಮೂರಿನದೇ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ನೋಡಿ ಮಂಗಳದ ಮೇಲೆ ಗೆರೆಗಳಿವೆ ಎಂದರು. 1894ರಲ್ಲಿ ಅಮೆರಿಕದ ಪರ್ಸಿವಲ್ ಲೊವೆಲ್ ಅದಕ್ಕೆಂದೇ ವೀಕ್ಷಣಾಲಯ ಕಟ್ಟಿಸಿ, ಅವೆಲ್ಲ ಕಾಲುವೆಗಳು, ಒಣಗುತ್ತಿರುವ ಲೋಕದ ಜನ ಧ್ರುವದ ಹಿಮ ಕರಗಿಸಿ ಊರುಗಳಿಗೆ ನೀರು ತರುತ್ತಿದ್ದಾರೆ ಎಂದು ಪುಸ್ತಕವನ್ನೇ ಬರೆದರು. ಸರಿಯಾಗಿ ಆ ವರ್ಷಗಳಲ್ಲೇ ಬೆಂಗಳೂರಿಗೆ ನೀರಿಲ್ಲದೆ ಹೆಸರಘಟ್ಟದ ಕೆರೆಯಿಂದ ನೀರು ತರುವ ಕೆಲಸ ನಡೆಯುತ್ತಿತ್ತು. ಶೇಷಾದ್ರಿ ಅಯ್ಯರ್ ದಿವಾನರು. 1896ರ ಹೊತ್ತಿಗೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಶುರುವಾಯಿತು. ಇಟ್ಟಿಗೆ ಕಾಲುವೆಯಲ್ಲಿ ಹರಿದು ಬಂದ ನೀರನ್ನು ಇದೇ ಸೋಲದೇವನಹಳ್ಳಿಯ ಪಂಪ್‌ಹೌಸಿನಿಂದ ಮಲ್ಲೇಶ್ವರದ ಕಡೆಗೆ ಎತ್ತಿ ಕಳಿಸುತ್ತಿದ್ದರು.

“ಆ ಇಟ್ಟಿಗೆ ಕಾಲುವೆ ನಾನೂ ನೋಡಿದೀನಿ. ಈಗ ಗಿಡ ಬೆಳ್ಕೊಂಡೈತೆ.”

“ನಮ್ಮ ಕಾಲುವೆ ನಿಜ ಅಕ್ಕ, ಲೊವೆಲ್ ಕಂಡ ಕಾಲುವೆ ಸುಳ್ಳು. 1965ರಲ್ಲಿ ಮ್ಯಾರಿನರ್-4 ಅನ್ನೋ ನೌಕೆ ಹತ್ತಿರ ಹೋಗಿ ಫೋಟೋ ತೆಗೆದಾಗ ಬರೀ ಕುಳಿಗಳು ಕಂಡವು. ಆದರೆ ಕೋಟಿಗಟ್ಟಲೆ ವರ್ಷದ ಹಿಂದೆ ಅಲ್ಲಿ ನದಿ ಹರಿದದ್ದು ಸುಳ್ಳಲ್ಲ. ಬತ್ತಿದ ಹೊಳೆಪಾತ್ರಗಳಿವೆ. 2021ರ ಫೆಬ್ರವರಿಯಲ್ಲಿ ಪರ್ಸಿವರೆನ್ಸ್ ಇಳಿದದ್ದು, ಹಿಂದೆ ನದಿಯೊಂದು ಕೆರೆಗೆ ಸೇರುತ್ತಿದ್ದ ಜಾಗದಲ್ಲೇ.”

ಅರ್ಕಾವತಿ ಬತ್ತಿದ್ದನ್ನು ಕಂಡಿರುವ ಅಕ್ಕನಿಗೆ ಬತ್ತಿದ ಹೊಳೆಯೆಂದರೆ ಏನೆಂದು ವಿವರಿಸಬೇಕಾಗಿರಲಿಲ್ಲ. “ಪಾಪ,” ಎಂದರು. ಕುಜನ ಬಗ್ಗೆ ಅವರ ಬಾಯಲ್ಲಿ ಪಾಪ ಎಂಬ ಮಾತು ಬಂದದ್ದು ನನಗೆ ದೊಡ್ಡದಾಗಿ ಕಂಡಿತು.

ಆಮೇಲೆ ಪೀಣ್ಯದ ಮಾತು ಬಂತು. ಅದು ಬರಲೇಬೇಕಿತ್ತು. ಚಿಕ್ಕಬಾಣಾವರ ದಾಟಿ ಜಾಲಹಳ್ಳಿಯ ಮೇಲೆ ಹೋದರೆ ಪೀಣ್ಯ. ಅಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲೇ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿ 1975ರ ಏಪ್ರಿಲ್ 19ರಂದು ಆಕಾಶಕ್ಕೆ ಹೋಯಿತು. ಆ ಕೆಲಸದ ಮುಂದಾಳು ಉಡುಪಿಯ ಅದಮಾರಿನ ಯು. ಆರ್. ರಾವ್. ಅದೇ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. ಕುಜನ ಕಡೆ ಹೋದ ನಮ್ಮ ನೌಕೆ ಮಂಗಳಯಾನಕ್ಕೆ ಅಪ್ಪಣೆಗಳು ಹೊರಡುತ್ತಿದ್ದದ್ದು ಅಲ್ಲಿಂದ, ಆಕಾಶದ ಕಡೆಗೆ ದನಿ ಹೊರಡಿಸುತ್ತಿದ್ದದ್ದು ಬ್ಯಾಲಾಳು ಹಳ್ಳಿಯ 32 ಮೀಟರ್ ಅಗಲದ ದೊಡ್ಡ ಆಂಟೆನಾ.

“ಅಕ್ಕ, ಶ್ರೀಹರಿಕೋಟಾದಿಂದ ಅದು ಹೊರಟಿದ್ದು 2013ರ ನವೆಂಬರ್ 5, ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ. ಯಾವ ವಾರ ಗೊತ್ತಾ? ಮಂಗಳವಾರ.”

“ಮಂಗಳವಾರ ಯಾರಾದ್ರೂ ಪ್ರಯಾಣ ಹೊರಡ್ತಾರಾ!”

ಹೊರಟರು, ತಲುಪಿದರು ಕೂಡ. ಮೊದಲ ಪ್ರಯತ್ನದಲ್ಲೇ, ಸುಮಾರು 450 ಕೋಟಿ ರೂಪಾಯಿಯಲ್ಲಿ. ಮೊದಲು ಭೂಮಿಯನ್ನೇ ಸುತ್ತುತ್ತ ಸುತ್ತುತ್ತ ಕಕ್ಷೆಯನ್ನು ಎತ್ತರಿಸಿಕೊಂಡು, ಡಿಸೆಂಬರ್ 1ರಂದು ನಮ್ಮನ್ನು ಬಿಟ್ಟು ಹೊರಟಿತು. ಅಲ್ಲಿಂದ ಸುಮಾರು 300 ದಿನ ಮುಖ್ಯ ಎಂಜಿನ್ ಆರಿಸಿಕೊಂಡೇ ಪಯಣ. ಅಷ್ಟು ದಿನ ತಣ್ಣಗಿದ್ದ ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆಯೇ? ಮಿಷನ್ನುಗಳ ಜೊತೆ ಬದುಕಿದವರಿಗೆ ಆ ಆತಂಕ ಎಂಥದೆಂದು ಗೊತ್ತಿರುತ್ತದೆ. ಒಂದು ವಾರ ನಿಲ್ಲಿಸಿದ ಮಿಷನ್ ಚಾಲೂ ಮಾಡುವಾಗಲೇ ಎದೆ ಹೊಡೆದುಕೊಳ್ಳುತ್ತದೆ. 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡ್ ಉರಿಸಿ ನೋಡಿದರು. ಹೊತ್ತಿತು. 24ರ ಬೆಳಿಗ್ಗೆ 24 ನಿಮಿಷ ಉರಿದು ವೇಗ ತಗ್ಗಿಸಬೇಕಿತ್ತು. ತಗ್ಗದಿದ್ದರೆ ಕುಜನನ್ನು ದಾಟಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಇಲ್ಲಿಂದ ಒಂದು ಮಾತು ಅಲ್ಲಿಗೆ ಮುಟ್ಟಲು ಸುಮಾರು 12 ನಿಮಿಷ, ಆದ್ದರಿಂದ ಆ ಕ್ಷಣದಲ್ಲಿ ಪೀಣ್ಯದಿಂದ ಯಾರೂ ಏನೂ ತಿದ್ದಲಾಗುತ್ತಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮೊದಲೇ ಕಲಿಸಿ ಕಳಿಸಿದ್ದರು. ಅದರ ಮೇಲೆ ನೌಕೆ ಕುಜನ ಮರೆಗೆ ಹೋಗಿ ದನಿಯೇ ನಿಂತಿತು. ಎಂಟು ಗಂಟೆಯ ಸುಮಾರಿಗೆ ಮತ್ತೆ ದನಿ ಬಂದಾಗ ಪೀಣ್ಯದಲ್ಲಿ ಎದ್ದ ಚಪ್ಪಾಳೆಯನ್ನು ಟಿವಿಯಲ್ಲಿ ಕೇಳಿ ನನ್ನ ಕಣ್ಣು ತುಂಬಿಬಂದಿತ್ತು.

ಆರು ತಿಂಗಳು ಬಾಳಿದರೆ ಸಾಕೆಂದು ಮಾಡಿದ್ದ ನೌಕೆ 2022ರವರೆಗೆ ಬಾಳಿತು. ಉದ್ದನೆಯ ಕಕ್ಷೆಯಲ್ಲಿ ದೂರಕ್ಕೆ ಹೋಗುತ್ತಿದ್ದುದರಿಂದ ಇಡೀ ಮಂಗಳವನ್ನು ಒಂದೇ ಫೋಟೋದಲ್ಲಿ ಹಿಡಿಯುತ್ತಿತ್ತು.

“ನೌಕೆ ಕುಜನ ಕಕ್ಷೆ ಸೇರಿದ ದಿನ ಇಸ್ರೋದಲ್ಲಿ ತೆಗೆದ ಇನ್ನೊಂದು ಫೋಟೋ ನೆನಪಿದೆಯಾ ಅಕ್ಕ? ರೇಷ್ಮೆ ಸೀರೆ, ತಲೆಯಲ್ಲಿ ಹೂವು, ಒಬ್ಬರನ್ನೊಬ್ಬರು ನೋಡಿ ನಗ್ತಿದ್ದ ಹೆಂಗಸರು.”

ಅಕ್ಕನ ಕೈ ಅಲ್ಲಿಗೆ ನಿಂತಿತು. “ನೆನಪಿಲ್ದೆ ಏನು? ಅದನ್ನ ಪೇಪರಿಂದ ಕತ್ತರಿಸಿ ನಮ್ಮ ಹುಡುಗಿ ಬೀರು ಬಾಗಿಲ ಒಳಗಡೆ ಅಂಟಿಸವ್ಳೆ. ಆಗ ಹೈಸ್ಕೂಲು. ಇವತ್ತಿಗೂ ಐತೆ. ಸೀರೆ ತೆಗೆಯುವಾಗೆಲ್ಲ ನೋಡ್ತೀನಿ.”

ಆ ಯಾನದ ಕಾರ್ಯಾಚರಣೆಯಲ್ಲಿ ನಂದಿನಿ ಹರಿನಾಥ್, ರಿತು ಕರಿಧಾಲ್ ಅವರಂಥವರು ದೊಡ್ಡ ಹೊಣೆ ಹೊತ್ತಿದ್ದರು ಎಂದೆ. ಮನೆ, ಮಕ್ಕಳು, ಸಂಸಾರ ಎಲ್ಲ ಇಟ್ಟುಕೊಂಡೇ ಕುಜನ ಕಕ್ಷೆಗೆ ನೌಕೆ ಕೂರಿಸಿದ ಹೆಂಗಸರು. ಅವರನ್ನು ನೋಡಿ ಓದಿದ ಹುಡುಗಿ ನಿಮ್ಮ ಮಗಳು. ಅವಳಿಗೆ ಕುಜನ ಹೆಸರಿನಲ್ಲಿ ದೋಷ ಹಚ್ಚಬಾರದು ಅಕ್ಕ, ಬೇರೆ ಯಾರು ಹಚ್ಚಿದರೂ ಈ ಊರಿನಲ್ಲಿ ಹಚ್ಚಬಾರದು. ಇಷ್ಟನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಎದುರು ಮನೆಯ ನಾಯಿ ಬೊಗಳಿತು.

ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, “ಬರಿಗಣ್ಣಿಗೆ ಕಾಣ್ತಾನಾ?”

“ಚೆನ್ನಾಗಿ ಕಾಣ್ತಾನೆ. 2027ರ ಫೆಬ್ರವರಿ 19ರ ಆಸುಪಾಸು ಸೂರ್ಯ ಮುಳುಗಿದ ಮೇಲೆ ಪೂರ್ವದಲ್ಲಿ ನೋಡಿ. ಸಿಂಹ ರಾಶಿಯಲ್ಲಿ ಕೆಂಪಗೆ, ಮಿಣುಕದೆ ನಿಂತಿರ್ತಾನೆ. ಆದರೆ ಆ ಸಲ 10 ಕೋಟಿ ಕಿಲೋಮೀಟರ್ ದೂರ. ಅವನ ದಾರಿ ಸ್ವಲ್ಪ ಮೊಟ್ಟೆಯಾಕಾರ, ಅದಕ್ಕೆ ಎಲ್ಲ ಸಲವೂ ಒಂದೇ ದೂರಕ್ಕೆ ಬರಲ್ಲ. ತುಂಬ ಹತ್ತಿರ, ಆರು ಕೋಟಿಗೂ ಒಳಗೆ ಬರೋದು 2035ರ ಸೆಪ್ಟೆಂಬರಿನಲ್ಲಿ.”

“2035...” ಅಕ್ಕ ಬೆರಳು ಮಡಿಸಿ ಎಣಿಸಿದರು. “ಅಷ್ಟೊತ್ತಿಗೆ ನನ್ನ ಮೊಮ್ಮಗು ಸ್ಕೂಲಿಗೆ ಹೋಗ್ತಿರುತ್ತೆ. ನೀನೇ ತೋರಿಸ್ಬೇಕು.”

“ತೋರಿಸ್ತೀನಿ.”

“ಆ ಹುಡುಗನ ತಾಯಿ ಜೊತೆ ನಾನೇ ಒಂದು ಸಲ ಮಾತಾಡ್ತೀನಿ. ಗಂಡಸರ ಕೈಲಿ ಬಿಟ್ರೆ ಆಗಲ್ಲ. ಅದೇನಂದೆ, 24 ಗಂಟೆಯಲ್ಲಿ 10 ಗಂಟೆ ಅಂತ, ಆ ಲೆಕ್ಕ ಇನ್ನೊಂದು ಸಲ ನಿಧಾನಕ್ಕೆ ಹೇಳು. ಬರ್ಕೊಂಡು ಹೋಗ್ತೀನಿ, ಪೆನ್ನು ತರ್ತೀನಿ ಇರು.”